1776ರಲ್ಲಿ ಸಮಾನತೆ ಸಾರಿದ ಅಮೆರಿಕ ಗುಲಾಮಗಿರಿಯನ್ನು ಆಗಲೇ ಯಾಕೆ ಬಿಡಲಿಲ್ಲ?

ನೀವು ಕೇಳಿರುವುದು ಎರಡು ಪ್ರಶ್ನೆ. ‘ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರು’ ಎಂದು ಸಾರಿದ ದೇಶ ಇನ್ನೂ ಸುಮಾರು 90 ವರ್ಷ ಗುಲಾಮರನ್ನು ಇಟ್ಟುಕೊಂಡದ್ದು ಹೇಗೆ? 1861ರಲ್ಲಿ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಶುರುವಾದ ಅಂತರ್ಯುದ್ಧ ನಡೆದದ್ದು ಗುಲಾಮಗಿರಿಗಾಗಿಯೋ, ರಾಜ್ಯಗಳ ಹಕ್ಕಿಗಾಗಿಯೋ?

ನಾನು ಪದವಿ ತರಗತಿಗಳಿಗೆ ಇತಿಹಾಸ ಪಾಠ ಮಾಡುವವನು. ಈ ಪ್ರಶ್ನೆಗಳನ್ನು ನನ್ನ ವಿದ್ಯಾರ್ಥಿಗಳೂ ಕೇಳುತ್ತಾರೆ. ಗುಲಾಮಗಿರಿ ಎಂದರೆ ಹಳೆಯ ಕಾಲದ ಪಳೆಯುಳಿಕೆ, ದೇಶ ಬೆಳೆದಂತೆ ಅದು ತಾನಾಗಿ ಸವೆಯುತ್ತ ಬಂತು ಎಂಬ ನಂಬಿಕೆ ಬಹಳ ಜನರಲ್ಲಿದೆ. ನಡೆದದ್ದು ಮಾತ್ರ ಬೇರೆ. 1790ರ ಮೊದಲ ಜನಗಣತಿಯಲ್ಲಿ ಗುಲಾಮರು ಸುಮಾರು 7 ಲಕ್ಷ ಇದ್ದರು. 1860ರಲ್ಲಿ ಸುಮಾರು 40 ಲಕ್ಷ. ದೇಶ ಪಶ್ಚಿಮಕ್ಕೆ ಹಬ್ಬಿದಂತೆಲ್ಲ ಗುಲಾಮಗಿರಿಯೂ ಹಬ್ಬಿತು. ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಮೊದಲಿಗೆ ವರ್ಜೀನಿಯಾ. 1607ರಲ್ಲಿ ಜೇಮ್ಸ್‌ಟೌನ್‌ನಲ್ಲಿ ನೆಲೆಸಿದ ಇಂಗ್ಲಿಷರು ಒಂದು ವ್ಯಾಪಾರಿ ಕಂಪನಿಯ ಕಡೆಯವರು. ಅವರು ಹುಡುಕಿಕೊಂಡು ಬಂದ ಚಿನ್ನ ಸಿಗಲಿಲ್ಲ, ಕೈಹಿಡಿದದ್ದು ತಂಬಾಕು. ತಂಬಾಕಿಗೆ ಆಳು ಬೇಕು. ಶುರುವಿನಲ್ಲಿ ದುಡಿದವರಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಬಡವರೇ. ಹಡಗಿನ ಖರ್ಚಿಗೆ ಬದಲಾಗಿ ಇಷ್ಟು ವರ್ಷ ದುಡಿಯುತ್ತೇವೆ ಎಂದು ಕರಾರು ಬರೆದುಕೊಟ್ಟು ಬಂದವರು. 1619ರಲ್ಲಿ ಪಾಯಿಂಟ್ ಕಂಫರ್ಟ್ ಎಂಬಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಇಳಿಸಿದಾಗ ಅವರ ಸ್ಥಾನಮಾನ ಏನು ಎಂಬುದಕ್ಕೆ ಅಲ್ಲಿ ಸ್ಪಷ್ಟ ಕಾನೂನೇ ಇರಲಿಲ್ಲ. ಕಾನೂನು ಆಮೇಲೆ ಒಂದೊಂದಾಗಿ ಬಂತು.

1640ರ ಒಂದು ಮೊಕದ್ದಮೆಯನ್ನು ನಾನು ತರಗತಿಯಲ್ಲಿ ಬಿಡದೆ ಹೇಳುತ್ತೇನೆ. ಒಬ್ಬನೇ ಯಜಮಾನನ ಮೂವರು ಆಳುಗಳು ವರ್ಜೀನಿಯಾದಿಂದ ಮೇರಿಲ್ಯಾಂಡಿಗೆ ಓಡಿಹೋಗಿ ಸಿಕ್ಕಿಬಿದ್ದರು. ಮೂವರಿಗೂ ಮೂವತ್ತು ಮೂವತ್ತು ಛಡಿ ಏಟು. ಒಬ್ಬ ಡಚ್ಚನಿಗೂ ಒಬ್ಬ ಸ್ಕಾಟ್ಲೆಂಡಿನವನಿಗೂ ಅದರ ಮೇಲೆ ನಾಲ್ಕು ನಾಲ್ಕು ವರ್ಷ ಹೆಚ್ಚುವರಿ ದುಡಿತ. ಮೂರನೆಯವನು ಜಾನ್ ಪಂಚ್, ಆಫ್ರಿಕನ್. ಅವನಿಗೆ ಬದುಕಿರುವಷ್ಟು ಕಾಲವೂ ದುಡಿತ. ತಪ್ಪು ಒಂದೇ, ಓಡಿಹೋದದ್ದೂ ಒಟ್ಟಿಗೇ! 1662ರಲ್ಲಿ ಇದಕ್ಕಿಂತ ಕ್ರೂರವಾದ ಕಾನೂನು ಬಂತು: ಮಗು ಗುಲಾಮನೋ ಸ್ವತಂತ್ರನೋ ಎಂಬುದು ತಾಯಿಯ ಸ್ಥಿತಿಯಂತೆ ತೀರ್ಮಾನವಾಗುತ್ತದೆ. ಎಂದರೆ, ಯಜಮಾನನೇ ತಂದೆಯಾದರೂ ಆ ಮಗು ಅವನ ಸೊತ್ತು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 1676ರಲ್ಲಿ ವರ್ಜೀನಿಯಾದ ಗವರ್ನರನ ವಿರುದ್ಧ ನಡೆದ ಬೇಕನ್ ದಂಗೆಯಲ್ಲಿ ಬಿಳಿಯ ಆಳುಗಳೂ ಕರಿಯ ಆಳುಗಳೂ ಒಟ್ಟಾಗಿ ಕೋವಿ ಹಿಡಿದರು, ಜೇಮ್ಸ್‌ಟೌನ್ ಸುಟ್ಟುಹೋಯಿತು. ಅದಾದ ಮೇಲಿನ ದಶಕಗಳಲ್ಲಿ ತೋಟದ ಮಾಲೀಕರು ಕರಾರಿನ ಬಿಳಿಯರನ್ನು ಬಿಟ್ಟು ಆಫ್ರಿಕನ್ ಗುಲಾಮರತ್ತ ಪೂರ್ತಿ ವಾಲಿದರು. 1705ರ ಹೊತ್ತಿಗೆ ಎಲ್ಲವೂ ಕಾನೂನಿನ ಹೊತ್ತಗೆಯೊಳಗಿತ್ತು.

ಈಗ 1776ಕ್ಕೆ ಬರೋಣ. ಸ್ವಾತಂತ್ರ್ಯ ಘೋಷಣೆ ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವನು. ಅವನ ಕರಡಿನಲ್ಲಿ ಗುಲಾಮರ ವ್ಯಾಪಾರಕ್ಕಾಗಿ ಇಂಗ್ಲೆಂಡಿನ ದೊರೆಯನ್ನು ದೂರುವ ಒಂದು ಭಾಗ ಇತ್ತು. ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ಅದನ್ನು ಹೊಡೆದುಹಾಕಿತು. ಆದರೂ ಸಮಾನತೆಯ ಆ ಘೋಷಣೆ ಬರೀ ಬೊಗಳೆಯಾಗಿತ್ತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ವರ್ಮಾಂಟ್ 1777ರಲ್ಲೇ ವಯಸ್ಕರ ಗುಲಾಮಗಿರಿಯನ್ನು ನಿಷೇಧಿಸಿತು. ಮ್ಯಾಸಚೂಸೆಟ್ಸ್‌ನಲ್ಲಿ ಗುಲಾಮರೇ ಕೋರ್ಟಿಗೆ ಹೋಗಿ, ಆ ರಾಜ್ಯದ ಸಂವಿಧಾನದ ಸಮಾನತೆಯ ಮಾತನ್ನು ಮುಂದಿಟ್ಟು ಗೆದ್ದರು. ಪಂಚಾಂಗ ಬರೆಯುತ್ತಿದ್ದ ಕರಿಯ ಗಣಿತಜ್ಞ ಬೆಂಜಮಿನ್ ಬ್ಯಾನೆಕರ್ 1791ರಲ್ಲಿ ಜೆಫರ್ಸನ್‌ಗೆ ಪತ್ರ ಬರೆದು, ಅವನ ಘೋಷಣೆಯ ಸಾಲುಗಳನ್ನು ಅವನಿಗೇ ಎತ್ತಿ ತೋರಿಸಿದ. ಜೆಫರ್ಸನ್ ವಿನಯದಿಂದ ಉತ್ತರಿಸಿದ, ಗುಲಾಮರನ್ನು ಮಾತ್ರ ಬಿಡಲಿಲ್ಲ. ಉತ್ತರದ ರಾಜ್ಯಗಳಲ್ಲೂ ಬಿಡುಗಡೆ ತೆವಳುತ್ತಲೇ ಬಂತೆನ್ನಿ: ಪೆನ್ಸಿಲ್ವೇನಿಯಾದ 1780ರ ಕಾಯ್ದೆಯಿಂದ ಆಗ ಇದ್ದ ಗುಲಾಮರಿಗೆ ತಕ್ಷಣ ಬಿಡುಗಡೆ ಸಿಗಲಿಲ್ಲ. ಅಲ್ಲಿಂದ ಮುಂದೆ ಹುಟ್ಟುವ ಮಕ್ಕಳಿಗೆ 28 ವರ್ಷ ತುಂಬಿದ ಮೇಲೆ ಸ್ವಾತಂತ್ರ್ಯ, ಅಷ್ಟೇ.

ದಕ್ಷಿಣದಲ್ಲಿ ಅಷ್ಟೂ ಆಗಲಿಲ್ಲ. 1787ರ ಸಂವಿಧಾನ ಬೇರೆಯದೇ ಲೆಕ್ಕ ಹಾಕಿತು. ಪ್ರತಿನಿಧಿ ಸಭೆಯ ಸ್ಥಾನಗಳಿಗಾಗಿ ಐವರು ಗುಲಾಮರನ್ನು ಮೂವರೆಂದು ಎಣಿಸುವುದು, 1808ರವರೆಗೆ ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು ಕಾಂಗ್ರೆಸ್ ತಡೆಯದಿರುವುದು, ಓಡಿಹೋದವರನ್ನು ಹಿಡಿದೊಪ್ಪಿಸುವುದು. ಓಟು ಹಾಕಲಾಗದ ಜನರ ತಲೆ ಎಣಿಸಿ ಅವರ ಯಜಮಾನರಿಗೆ ಹೆಚ್ಚು ಓಟಿನ ಬಲ ಕೊಟ್ಟ ಹಾಗಾಯಿತು.

ಆಮೇಲೆ ಹತ್ತಿ ಬಂತು. ದಕ್ಷಿಣದ ಒಳನಾಡಿನಲ್ಲಿ ಬೆಳೆಯುವ ಗಿಡ್ಡ ಎಳೆಯ ಹತ್ತಿಯ ಬೀಜ ಅರಳೆಗೆ ಅಂಟಿಕೊಂಡಿರುತ್ತದೆ. ಕೈಯಲ್ಲಿ ಬಿಡಿಸಿದರೆ ಒಬ್ಬ ಆಳಿಗೆ ದಿನಕ್ಕೆ ಒಂದು ಪೌಂಡ್ ಅರಳೆ ಸಿಕ್ಕರೆ ಹೆಚ್ಚು. 1793ರಲ್ಲಿ ಎಲಿ ವಿಟ್ನಿ ಮಾಡಿದ ಜಿನ್ ಯಂತ್ರದಲ್ಲಿ ದಿನಕ್ಕೆ ಸುಮಾರು 50 ಪೌಂಡ್. ಯಂತ್ರ ಬಂದರೆ ಆಳಿನ ಅಗತ್ಯ ತಗ್ಗುತ್ತದೆ ಎನಿಸುತ್ತದೆ, ಅಲ್ಲವೇ? ಬೀಜ ಬಿಡಿಸುವುದು ಸಲೀಸಾದದ್ದರಿಂದ ಎಷ್ಟು ಬೆಳೆದರೂ ಲಾಭ ಎಂದಾಯಿತು. ಬಿತ್ತಲು, ಕಳೆ ತೆಗೆಯಲು, ಗಿಡದಿಂದ ಹತ್ತಿ ಬಿಡಿಸಲು ಕೈಗಳು ಇನ್ನಷ್ಟು ಬೇಕಾದವು. ಹೊಲಕ್ಕೆ ನೆಲವೂ ಬೇಕಿತ್ತು. 1803ರಲ್ಲಿ ಫ್ರಾನ್ಸಿನಿಂದ ಲೂಯಿಸಿಯಾನ ಪ್ರದೇಶವನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡರು. 1830ರ ಕಾಯ್ದೆಯ ಬಲದಿಂದ ಚೆರೋಕಿ, ಚಾಕ್ಟಾ, ಕ್ರೀಕ್ ಮೊದಲಾದ ಮೂಲನಿವಾಸಿಗಳನ್ನು ಎಬ್ಬಿಸಿ ಮಿಸಿಸಿಪಿ ನದಿಯಾಚೆ ಅಟ್ಟಿದರು. ದಾರಿಯಲ್ಲೇ ಸಾವಿರಾರು ಜನ ಸತ್ತರು. ಅವರು ಬಿಟ್ಟ ಭೂಮಿ ಹತ್ತಿ ಹೊಲವಾಯಿತು. ಆ ಹೊಲಗಳಿಗೆ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಸುಮಾರು 10 ಲಕ್ಷ ಗುಲಾಮರನ್ನು ಸಾಗಿಸಿದರು, ಬಹಳ ಸಲ ಗಂಡನನ್ನು ಹೆಂಡತಿಯಿಂದ, ಮಕ್ಕಳನ್ನು ತಾಯಿಯಿಂದ ಅಗಲಿಸಿ. 1860ರಲ್ಲಿ ಅಮೆರಿಕದ ರಫ್ತಿನ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹತ್ತಿಯದೇ.

ಇದರ ಬಿಸಿ ನಮ್ಮ ಧಾರವಾಡಕ್ಕೂ ತಟ್ಟಿದೆ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಹತ್ತಿ ಬೀಜವನ್ನು ಅಲ್ಲಿನ ಎರೆ ಹೊಲಗಳಲ್ಲಿ ಬಿತ್ತಿಸಿತು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳು ಹತ್ತಿಯಿಲ್ಲದೆ ಕಂಗೆಟ್ಟವು, ಇಲ್ಲಿ ಹತ್ತಿಯ ದರ ಗಗನಕ್ಕೇರಿತು. ಧಾರವಾಡದ ಹತ್ತಿ ಸಾಗಿಸಲೆಂದೇ ಕಾರವಾರ ಬಂದರನ್ನು ಬೆಳೆಸುವ ಕೆಲಸಕ್ಕೆ ವೇಗ ಬಂತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿತು.

ಇನ್ನು ಒಡಕಿನ ವಿಷಯ. ಹೊಸ ಪ್ರದೇಶ ಸೇರಿದಾಗಲೆಲ್ಲ ಅಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂಬ ಜಗಳ, ಯಾಕೆಂದರೆ ಪ್ರತಿ ಹೊಸ ರಾಜ್ಯಕ್ಕೂ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಎರಡು ಸ್ಥಾನ. 1820ರ ಮಿಸೌರಿ ಒಪ್ಪಂದ, 1850ರ ರಾಜಿ, 1854ರ ಕಾನ್ಸಾಸ್ ಗಲಭೆ, ಎಲ್ಲವೂ ಈ ಒಂದೇ ಜಗಳದ ಕಂತುಗಳು.

ದಕ್ಷಿಣ ಹೋರಾಡಿದ್ದು ಕೇಂದ್ರದ ಎದುರು ‘ರಾಜ್ಯಗಳ ಹಕ್ಕು’ ಉಳಿಸಲು ಎಂಬ ವಾದವನ್ನು ಅಳೆಯಲು 1850ರ ಪರಾರಿ ಗುಲಾಮರ ಕಾಯ್ದೆಯನ್ನು ನೋಡಿ. ಸಿಕ್ಕಿಬಿದ್ದವನು ಗುಲಾಮನೇ ಎಂದು ತೀರ್ಪಿತ್ತರೆ ವಿಚಾರಣಾಧಿಕಾರಿಗೆ 10 ಡಾಲರ್ ಶುಲ್ಕ, ಬಿಟ್ಟು ಕಳಿಸಿದರೆ 5 ಡಾಲರ್. ಹಿಡಿಸಿಕೊಂಡವನ ಸಾಕ್ಷ್ಯಕ್ಕೆ ಅಲ್ಲಿ ಬೆಲೆಯೇ ಇರಲಿಲ್ಲ. ಉತ್ತರದ ರಾಜ್ಯಗಳು ತಮ್ಮ ಕಾನೂನುಗಳಿಂದ ಇದಕ್ಕೆ ಅಡ್ಡ ಬಂದಾಗ, ಕೇಂದ್ರ ಸರ್ಕಾರ ಅವನ್ನು ತುಳಿದು ಮುಂದೆ ಹೋಗಬೇಕೆಂದು ಪಟ್ಟು ಹಿಡಿದದ್ದು ದಕ್ಷಿಣವೇ. 1860ರ ಡಿಸೆಂಬರಿನಲ್ಲಿ ಒಕ್ಕೂಟ ಬಿಟ್ಟ ದಕ್ಷಿಣ ಕೆರೊಲಿನಾ ಕೊಟ್ಟ ಕಾರಣಗಳಲ್ಲೂ ಇದು ಎದ್ದು ಕಾಣುತ್ತದೆ: ಉತ್ತರದವರು ಓಡಿಹೋದ ಗುಲಾಮರನ್ನು ಒಪ್ಪಿಸುತ್ತಿಲ್ಲ.

ಹಾಗೆಂದು ಉತ್ತರ ಮೊದಲ ದಿನದಿಂದಲೇ ಗುಲಾಮರ ಬಿಡುಗಡೆಗಾಗಿ ಹೋರಾಡಿತು ಎಂದರೆ ಅದೂ ಸರಿಯಲ್ಲ. ಆಗಿನ ಅಧ್ಯಕ್ಷ ಲಿಂಕನ್ ಶುರುವಿನಲ್ಲಿ ಹೇಳಿದ್ದು ಒಕ್ಕೂಟ ಉಳಿಸುವ ಮಾತನ್ನೇ. ಯುದ್ಧದ ದಿಕ್ಕು ತಿರುಗಿಸಿದ್ದರಲ್ಲಿ ಗುಲಾಮರ ಪಾಲು ದೊಡ್ಡದು. 1861ರ ಮೇ ತಿಂಗಳಲ್ಲಿ ಮೂವರು ತಪ್ಪಿಸಿಕೊಂಡು ಬಂದು ವರ್ಜೀನಿಯಾದಲ್ಲಿದ್ದರೂ ಉತ್ತರದ ಸೇನೆಯ ಕೈಯಲ್ಲಿದ್ದ ಫೋರ್ಟ್ ಮನ್ರೋ ಕೋಟೆಯಲ್ಲಿ ಆಶ್ರಯ ಕೇಳಿದರು. ಅಲ್ಲಿನ ಸೇನಾಧಿಕಾರಿ ಅವರನ್ನು ಹಿಂದಿರುಗಿಸಲು ನಿರಾಕರಿಸಿದ. ಆಮೇಲೆ ಸಾವಿರಾರು ಜನ ಬಂದರು. 1863ರ ವಿಮೋಚನಾ ಘೋಷಣೆ, ಉತ್ತರದ ಸೇನೆ ಸೇರಿದ ಸುಮಾರು 1 ಲಕ್ಷ 80 ಸಾವಿರ ಕರಿಯ ಸೈನಿಕರು, ಗುಲಾಮಗಿರಿಯನ್ನು ರದ್ದು ಮಾಡಿದ 1865ರ ಹದಿಮೂರನೆಯ ಸಂವಿಧಾನ ತಿದ್ದುಪಡಿ, ಎಲ್ಲ ಆಮೇಲಿನವು.

ನಿಮಗೆ ಇನ್ನೂ ಅನುಮಾನವಿದ್ದರೆ ದಕ್ಷಿಣ ಕೆರೊಲಿನಾ ಮತ್ತು ಮಿಸಿಸಿಪಿ ರಾಜ್ಯಗಳು ಒಕ್ಕೂಟ ಬಿಡುವಾಗ ಹೊರಡಿಸಿದ ಹೇಳಿಕೆಗಳನ್ನೇ ಓದಿ. ಎರಡೂ ಚಿಕ್ಕವು, ಅಂತರ್ಜಾಲದಲ್ಲಿ ಸಿಗುತ್ತವೆ. ಮಿಸಿಸಿಪಿಯ ಹೇಳಿಕೆಯಂತೂ ಶುರುವಿನಲ್ಲೇ ತಮ್ಮ ನಿಲುವು ಗುಲಾಮಗಿರಿಯೊಂದಿಗೆ ಬೆಸೆದುಕೊಂಡಿದೆ ಎಂದು ಬಾಯಿಬಿಟ್ಟು ಹೇಳುತ್ತದೆ.