ಎರೋಸ್ ಎಲ್ಲಿ ಸುತ್ತುತ್ತದೆ, ಕಲ್ಲೆಂದು ಹೇಗೆ ಗೊತ್ತಾಯಿತು?

ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯ ಲೇಖನವು ಎರೋಸ್ ಮಂಗಳ ಮತ್ತು ಗುರುವಿನ ನಡುವೆ ಸುತ್ತುವ ಕಲ್ಲಿನ ಕ್ಷುದ್ರಗ್ರಹವೆಂದು ಹೇಳಿ, ಅದನ್ನೇ ಭೂಮಿಯ ನೆರೆಯದೆಂದೂ ಕರೆದಿದೆ. ಎರಡೂ ನಿಜವಾಗಲು ಹೇಗೆ ಸಾಧ್ಯ? ಅಲ್ಲಿಂದ ಒಂದು ಚೂರನ್ನೂ ಯಾರೂ ತಂದಿಲ್ಲದಿರುವಾಗ ಅದು ಕಲ್ಲೆಂದು ಹೇಳುವುದು ಹೇಗೆ? ಪ್ರೇಮದೇವತೆಯ ಹೆಸರಾದರೂ ಏಕೆ?"

ಸಂಪಾದಕರ ಉತ್ತರ: ಮೊದಲನೆಯದು ನಮ್ಮ ತಪ್ಪು, ಅದಕ್ಕಾಗಿ ವಿಷಾದಿಸುತ್ತೇವೆ. ಮಂಗಳ ಮತ್ತು ಗುರುವಿನ ನಡುವೆ ಹೆಚ್ಚಿನ ಕ್ಷುದ್ರಗ್ರಹಗಳು ಸುತ್ತುವ ವಲಯವಾದ ಮುಖ್ಯ ಪಟ್ಟಿಯಲ್ಲಿ ಎರೋಸ್ ಇಲ್ಲ. ಅದು ಸೂರ್ಯನಿಗೆ ಹತ್ತಿರವಾದಾಗ ಸುಮಾರು 17 ಕೋಟಿ ಕಿಲೋಮೀಟರ್, ದೂರವಾದಾಗ 26.7 ಕೋಟಿ ಕಿಲೋಮೀಟರ್ ಅಂತರದಲ್ಲಿದ್ದು, 643 ದಿನಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಅಂದರೆ ಮಂಗಳನ ಕಕ್ಷೆಯ ಒಳಗೂ ಹೊರಗೂ ಓಡಾಡುತ್ತದೆ, ಆದರೆ ಸುಮಾರು 15 ಕೋಟಿ ಕಿಲೋಮೀಟರ್ ದೂರದ ಭೂಮಿಯ ಕಕ್ಷೆಯನ್ನು ಮುಟ್ಟುವುದಿಲ್ಲ. ಹೀಗಾಗಿ ಸದ್ಯಕ್ಕೆ ಡಿಕ್ಕಿಯ ಭಯವಿಲ್ಲ.

ಈ ಕಕ್ಷೆಯ ಬಗ್ಗೆ ಇನ್ನೂ ಸ್ವಲ್ಪ ಹೇಳದಿದ್ದರೆ ಎರೋಸ್‌ಗೆ ಅನ್ಯಾಯ ಮಾಡಿದಂತೆ. ಸುತ್ತುವ ಅವಧಿಗೂ ಸೂರ್ಯನಿಂದಿರುವ ದೂರಕ್ಕೂ ನಂಟು ಹೇಳುವ ಕೆಪ್ಲರನ ನಿಯಮದಿಂದ ಗ್ರಹಗಳ ದೂರಗಳ ಪರಸ್ಪರ ಅನುಪಾತ ಮಾತ್ರ ಸಿಗುತ್ತದೆ. ಅವುಗಳಲ್ಲಿ ಯಾವುದಾದರೂ ಒಂದು ದೂರವನ್ನು ಕಿಲೋಮೀಟರ್‌ಗಳಲ್ಲಿ ಅಳೆದರೆ ಉಳಿದೆಲ್ಲವೂ, ಸೂರ್ಯನ ದೂರವೂ ಸೇರಿ, ತಾನಾಗಿ ತಿಳಿಯುತ್ತದೆ. ಹತ್ತಿರ ಬರುವ, ದೂರದರ್ಶಕದಲ್ಲಿ ಚುಕ್ಕೆಯಂತೆ ಕಾಣುವ ಎರೋಸ್‌ನ ಸ್ಥಾನವನ್ನು ಭೂಮಿಯ ಬೇರೆ ಬೇರೆ ಕಡೆಗಳಿಂದ ನಿಖರವಾಗಿ ಗುರುತಿಸಬಹುದಾಗಿದ್ದರಿಂದ, 1900–01ರಲ್ಲಿ ಹಲವು ದೇಶಗಳ ವೀಕ್ಷಣಾಲಯಗಳು ಒಟ್ಟಾಗಿ ಅದರ ಲಂಬನವನ್ನು, ಎಂದರೆ ಬೇರೆ ಬೇರೆ ಜಾಗಗಳಿಂದ ನೋಡಿದಾಗ ಅದರ ಸ್ಥಾನದಲ್ಲಿ ಕಾಣುವ ವ್ಯತ್ಯಾಸವನ್ನು, ಅಳೆದು ದೂರ ಲೆಕ್ಕಹಾಕಿದವು. 1930–31ರಲ್ಲಿ ಅದು ಇನ್ನೂ ಹತ್ತಿರಕ್ಕೆ, ಸುಮಾರು 2.6 ಕೋಟಿ ಕಿಲೋಮೀಟರ್‌ಗೆ ಬಂದಾಗ ಮತ್ತೆ ಅಳೆಯಲಾಯಿತು. ರೇಡಾರ್ ಬರುವ ತನಕ ಸೌರವ್ಯೂಹಕ್ಕೆ ಅಳತೆಗೋಲಾಗಿದ್ದ ವಸ್ತುಗಳಲ್ಲಿ ಈ ಪುಟ್ಟ ಕಾಯಕ್ಕೆ ದೊಡ್ಡ ಸ್ಥಾನವಿದೆ.

ಕಲ್ಲೆಂಬುದಕ್ಕೆ ಮೊದಲ ಸಾಕ್ಷಿ ಬೆಳಕೇ. ಎರೋಸ್ ಪ್ರತಿಫಲಿಸುವ ಸೂರ್ಯಪ್ರಕಾಶದ ರೋಹಿತದಲ್ಲಿ, ಎಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ, ಆಲಿವೀನ್ ಮತ್ತು ಪೈರಾಕ್ಸೀನ್ ಎಂಬ ಸಿಲಿಕೇಟ್ ಖನಿಜಗಳ ಗುರುತುಗಳಿವೆ. ಆದ್ದರಿಂದ ಅದು ಎಸ್ ವರ್ಗದ, ಎಂದರೆ ಸಿಲಿಕೇಟ್ ಶಿಲೆಯ ಕ್ಷುದ್ರಗ್ರಹ. ಎರಡನೆಯ ಸಾಕ್ಷಿ 2000ದ ಫೆಬ್ರವರಿ 14ರಂದು ಅದರ ಸುತ್ತ ಕಕ್ಷೆ ಸೇರಿದ ನಾಸಾದ ನಿಯರ್ ಶೂಮೇಕರ್ ನೌಕೆಯದು. ನೌಕೆಯ ಮೇಲಾದ ಸೆಳೆತದಿಂದ ದ್ರವ್ಯರಾಶಿಯೂ, ಚಿತ್ರಗಳಿಂದ ಗಾತ್ರವೂ ತಿಳಿದು, ಸಾಂದ್ರತೆ ಘನ ಸೆಂಟಿಮೀಟರ್‌ಗೆ 2.67 ಗ್ರಾಂ ಎಂದು ಖಚಿತವಾಯಿತು. ಇದು ಭೂಮಿಯ ಹೊರಪದರದ ಶಿಲೆಯಷ್ಟೇ ಹೌದು, ಆದರೆ ಅದೇ ಬಗೆಯ ಉಲ್ಕಾಶಿಲೆಗಳಿಗಿಂತ ಕಡಿಮೆ. ಆದ್ದರಿಂದ ಒಳಗೆಲ್ಲ ಬಿರುಕುಗಳಿರಬೇಕು, ಆದರೂ ಅದು ಬಿಡಿಕಲ್ಲುಗಳ ರಾಶಿಯಲ್ಲ, ಒಂದೇ ಬಂಡೆಯೆಂದು ವಿಜ್ಞಾನಿಗಳು ಅರ್ಥೈಸಿದ್ದಾರೆ. ಸುಮಾರು 34 ಕಿಲೋಮೀಟರ್ ಉದ್ದ, 11 ಕಿಲೋಮೀಟರ್ ಅಗಲದ, ನಡುವೆ ಬಾಗಿದ ಈ ಬಂಡೆ 5 ಗಂಟೆ 16 ನಿಮಿಷಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ. ಗುರುತ್ವ ಎಷ್ಟು ಕ್ಷೀಣವೆಂದರೆ ಇಲ್ಲಿ 60 ಕಿಲೋ ತೂಗುವವರು ಅಲ್ಲಿ 40 ಗ್ರಾಂ ಕೂಡ ತೂಗರು. ಇಳಿಯಲೆಂದು ರೂಪಿಸಿರದ ಆ ನೌಕೆ 2001ರ ಫೆಬ್ರವರಿ 12ರಂದು ಅಲ್ಲಿ ಮೆಲ್ಲನೆ ಇಳಿದು, ನೆಲದ ಮೇಲಿಂದಲೂ ಎರಡು ವಾರ ಮಾಹಿತಿ ಕಳಿಸಿದ್ದನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.

ಇನ್ನು ಹೆಸರು. 1898ರ ಆಗಸ್ಟ್ 13ರ ರಾತ್ರಿ ಬರ್ಲಿನ್‌ನ ಯುರೇನಿಯಾ ವೀಕ್ಷಣಾಲಯದಲ್ಲಿ ಕಾರ್ಲ್ ಗುಸ್ತಾವ್ ವಿಟ್ ಬೇರೊಂದು ಕ್ಷುದ್ರಗ್ರಹಕ್ಕಾಗಿ ಕುಂಭ ರಾಶಿಯ ಕಡೆ ಎರಡು ಗಂಟೆ ತೆರೆದಿಟ್ಟ ಛಾಯಾಫಲಕದಲ್ಲಿ ಇದು ಗೆರೆಯಾಗಿ ಮೂಡಿತು. ಅಲ್ಲಿಯವರೆಗೆ ಕ್ಷುದ್ರಗ್ರಹಗಳಿಗೆ ಸಾಮಾನ್ಯವಾಗಿ ಸ್ತ್ರೀಯರ ಹೆಸರಿಡುತ್ತಿದ್ದರು. ಕಕ್ಷೆ ಅಪೂರ್ವವಾಗಿದ್ದುದರಿಂದ ಇದಕ್ಕೆ ಗ್ರೀಕರ ಪ್ರೇಮದೇವನ ಹೆಸರು ಬಂತು. ಕ್ಷುದ್ರಗ್ರಹಗಳ ಯಾದಿಯಲ್ಲಿ ಅದರ ಕ್ರಮಸಂಖ್ಯೆ 433. ಈ ಹೆಸರಿಗೆ ತಕ್ಕಂತೆ ಅದರ ಕುಳಿಗಳಿಗೆ ಪ್ರೇಮಿಗಳ ಹೆಸರುಗಳಿವೆ. ಷಹಜಹಾನ್ ಮತ್ತು ಮುಮ್ತಾಜ್ ಮಹಲ್ ನೆನಪಿಗೆ ಜಹಾನ್, ಮಹಲ್ ಎಂಬ ಎರಡು ಕುಳಿಗಳೂ ಅಲ್ಲಿವೆ. ಅದೇ ರಾತ್ರಿ ಫ್ರಾನ್ಸಿನ ನೀಸ್‌ನಲ್ಲಿ ಆಗಸ್ಟ್ ಶಾರ್ಲುವಾ ಕೂಡ ಇದನ್ನು ಸ್ವತಂತ್ರವಾಗಿ ಚಿತ್ರಿಸಿದ್ದರು. ಇಂದು ಎರೋಸ್‌ನ ಒಂದು ಪ್ರದೇಶಕ್ಕೆ ವಿಟ್ ಅವರ ಹೆಸರು, ಇನ್ನೊಂದಕ್ಕೆ ಶಾರ್ಲುವಾ ಅವರ ಹೆಸರು ಇದೆ.