ಚಳಿಗಾಲದಲ್ಲಿ ವ್ಯಾನ್ ಒಳಗೆ ಮಲಗಿದರೆ ಬೆಳಿಗ್ಗೆ ನೀರು ಹನಿಯುತ್ತದೆ. ತಡೆಯುವುದು ಹೇಗೆ?

ಮೊದಲು ಸಂದಿ ಮುಚ್ಚಲು ತಂದ ಆ ಸಿಲಿಕಾನ್ ಟ್ಯೂಬ್ ಪಕ್ಕಕ್ಕಿಡಿ. ನಿಮ್ಮ ಗಾಡಿ ಸೋರುತ್ತಿಲ್ಲ.

ನೀವು ಬರೆದಿರುವುದು ಇಷ್ಟು: ಹಳೆಯ ಟೆಂಪೋ ಟ್ರಾವೆಲರ್ ತಗೊಂಡು, ಸೀಟು ಕಿತ್ತು ಹಾಸಿಗೆ ಮಾಡಿಸಿದ್ದೀರಿ. ಎಳ್ಳ ಅಮಾವಾಸ್ಯೆಗೆ ಭಾಲ್ಕಿ ಕಡೆಯ ಹೊಲದಲ್ಲಿ ನಾಲ್ಕು ಜನ ಎರಡು ರಾತ್ರಿ ಮಲಗಿದಿರಿ. ಥಂಡಿ ಅಂತ ಎಲ್ಲ ಕಿಟಕಿ ಬಿಗಿಯಾಗಿ ಹಾಕಿದ್ದಿರಿ. ಬೆಳಿಗ್ಗೆ ಗಾಜಿನ ಮೇಲೆಲ್ಲ ನೀರು, ಮೇಲಿನ ತಗಡಿನಿಂದ ಹನಿ, ಹಾಸಿಗೆ ತೇವ. ಮಳೆಯಂತೂ ಬಂದಿರಲಿಲ್ಲ. ಹಾಗಾದರೆ ನೀರು ಎಲ್ಲಿಂದ ಬಂತು?

ನಿಮ್ಮ ನಾಲ್ವರ ಮೂಗಿನಿಂದ ಬಂತು.

ನಾನು ಬೀದರ್‌ನವನು. ಹಳೆಯ ವ್ಯಾನ್ ಒಂದನ್ನು ಹೀಗೇ ಮಾಡಿಕೊಂಡು ನಾಲ್ಕು ಚಳಿಗಾಲ ಕಳೆದಿದ್ದೇನೆ. ಮೊದಲ ವರ್ಷ ನಾನೂ ಸೋರಿಕೆ ಅಂದುಕೊಂಡು ಮೇಲಿನ ಜಾಯಿಂಟ್‌ಗಳಿಗೆಲ್ಲ ಸಿಲಿಕಾನ್ ಬಳಿದೆ. ಮರುದಿನ ನೀರು ಇನ್ನೂ ಜಾಸ್ತಿ! ಇದ್ದಬದ್ದ ಸಂದಿಗಳನ್ನೂ ಮುಚ್ಚಿದ್ದೆ ಅಲ್ವಾ. ಆಮೇಲೆ ಒಂದು ರಾತ್ರಿ ಗಾಡಿಯನ್ನು ಖಾಲಿ ಬಿಟ್ಟು, ಎಲ್ಲ ಮುಚ್ಚಿ, ಮನೆಯಲ್ಲಿ ಮಲಗಿದೆ. ಬೆಳಿಗ್ಗೆ ನೋಡಿದರೆ ಹೊರಗಡೆ ತಗಡಿನ ಮೇಲೆ ಇಬ್ಬನಿ ಸುರಿಯುತ್ತಿತ್ತು, ಒಳಗೆ ಗಾಜು ಒಣಗಿತ್ತು. ನೀವೂ ಇದನ್ನು ಮಾಡಿ ನೋಡಿ. ಖರ್ಚಿಲ್ಲದ ಪರೀಕ್ಷೆ.

ನಮ್ಮ ಕಡೆ ಕಡಲೆ ಹೊಲದಲ್ಲಿ ರಾತ್ರಿ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ಇಬ್ಬನಿಗೆ ತೊಯ್ದ ಅದನ್ನು ಬೆಳಗಿನ ಜಾವ ಹಿಂಡಿ ಹುಳಿ ತೆಗೆಯುತ್ತಾರೆ. ನಮ್ಮ ಅಜ್ಜಿ ಅದನ್ನು ಸೀಸೆಯಲ್ಲಿಟ್ಟುಕೊಂಡು ಹೊಟ್ಟೆನೋವಿಗೆ ಕೊಡುತ್ತಿದ್ದಳು. ಅದೇ ನೆನಪಿನಲ್ಲಿ ಒಂದು ಬೆಳಿಗ್ಗೆ ಗಾಜು, ತಗಡು ಒರೆಸಿದ ಪಂಚೆಯನ್ನು ಸ್ಟೀಲ್ ಚೊಂಬಿಗೆ ಹಿಂಡಿದೆ. ಅರ್ಧ ಚೊಂಬು ದಾಟಿತು. ನಾನು, ಹೆಂಡತಿ, ಇಬ್ಬರು ಮಕ್ಕಳು ರಾತ್ರಿಯೆಲ್ಲ ಉಸಿರಾಡಿದ ನೀರು ಅದು. ಹಾಸಿಗೆ ಕುಡಿದದ್ದು ಬೇರೆ.

ಲೆಕ್ಕ ನೋಡಿ. ಒಬ್ಬ ಮನುಷ್ಯ ಎಂಟು ತಾಸು ಮಲಗಿದರೆ ಉಸಿರು ಮತ್ತು ಮೈಯಿಂದ ಸುಮಾರು ಕಾಲು ಲೀಟರ್ ನೀರು ಹೊರಹೋಗುತ್ತದೆ. ನಾಲ್ವರಿಗೆ ಒಂದು ಲೀಟರ್. ನಿಮ್ಮ ಗಾಡಿಯ ಒಳಗಿರುವ ಗಾಳಿ ಸುಮಾರು 10 ಘನ ಮೀಟರ್ ಅಂತಿಟ್ಟುಕೊಳ್ಳಿ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಿನ ಆವಿ ಹಿಡಿದಿಟ್ಟುಕೊಳ್ಳುತ್ತದೆ. 10 ಡಿಗ್ರಿಗೆ ಇಳಿದರೆ ಬರೀ 9 ಗ್ರಾಂ. ಅಂದರೆ ಇಡೀ ಗಾಡಿಯ ಗಾಳಿಗೆ ನೂರು, ನೂರೈವತ್ತು ಗ್ರಾಂ ಹೊರುವ ಶಕ್ತಿ. ನೀವು ಅದರ ತಲೆ ಮೇಲೆ ಒಂದು ಲೀಟರ್ ಹೊರಿಸಿದ್ದೀರಿ. ಉಳಿದದ್ದನ್ನು ಅದು ಎಲ್ಲಿ ತಣ್ಣಗಿದೆಯೋ ಅಲ್ಲಿ ಇಳಿಸುತ್ತದೆ. ಮೊದಲು ಗಾಜು, ಆಮೇಲೆ ತಗಡು, ಆಮೇಲೆ ಹಾಸಿಗೆಯ ಅಡಿ.

ಆದ್ದರಿಂದ ಮದ್ದು ಒಂದೇ: ಕಿಟಕಿ ತೆಗೆಯಿರಿ. ಉಳಿದದ್ದೆಲ್ಲ ಇದಕ್ಕೆ ಸಹಾಯ ಅಷ್ಟೇ.

"ಥಂಡಿ ಗಾಳಿ ಒಳಗೆ ಬಿಟ್ಟರೆ ಇನ್ನೂ ತೇವ ಆಗಲ್ವಾ?" ಅಂತ ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದ್ದಳು. ಆಗಲ್ಲ. ಹೊರಗಿನ 10 ಡಿಗ್ರಿ ಗಾಳಿ ಇಬ್ಬನಿ ಬೀಳುವಷ್ಟು ತುಂಬಿಕೊಂಡಿದ್ದರೂ ಅದರಲ್ಲಿ ಇರುವುದು ಆ 9 ಗ್ರಾಂ ಮಾತ್ರ. ಒಳಗೆ ಬಂದು ನಿಮ್ಮ ಮೈ ಬಿಸಿಗೆ ಬೆಚ್ಚಗಾದ ಕೂಡಲೇ ಅದಕ್ಕೆ ಬಾಯಾರಿಕೆ ಆಗುತ್ತದೆ. ಇನ್ನಷ್ಟು ಆವಿ ಹೀರಿಕೊಂಡು ಹೊರಗೆ ಹೋಗುತ್ತದೆ. ಹೋಗುವುದಕ್ಕೆ ದಾರಿ ಇರಬೇಕು, ಅಷ್ಟೇ.

ದಾರಿ ಅಂದರೆ ಎರಡು ಬಾಯಿ. ಒಂದು ಕೆಳಗೆ, ಒಂದು ಮೇಲೆ. ಒಂದೇ ಕಿಟಕಿ ತೆಗೆದರೆ ಗಾಳಿ ಅಲ್ಲೇ ಆಡುತ್ತದೆ, ಹರಿಯುವುದಿಲ್ಲ. ನಾನು ಮುಂದಿನ ಎಡ ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸುತ್ತೇನೆ. ಮೇಲೆ ರೇನ್ ಗಾರ್ಡ್ ಇದೆ, ಒಳಗೆ ಸೊಳ್ಳೆ ಜಾಲಿ. ಹಿಂದೆ ಮೇಲ್ಗಡೆ ಒಂದು ರಂಧ್ರ ಕೊರೆಸಿ, ಕಂಪ್ಯೂಟರ್ ಡಬ್ಬಿಯೊಳಗೆ ಇರುತ್ತದಲ್ಲ ಆ 12 ವೋಲ್ಟ್ ಫ್ಯಾನ್ ಕೂರಿಸಿದ್ದೇನೆ, ಗಾಳಿ ಹೊರಗೆ ತಳ್ಳುವ ಹಾಗೆ. ಅದು ತಿನ್ನುವುದು ಎರಡು, ಮೂರು ವ್ಯಾಟ್. ರಾತ್ರಿಯೆಲ್ಲ ಓಡಿದರೂ ಬ್ಯಾಟರಿಯಿಂದ ಎರಡು ಆಂಪಿಯರ್ ಅವರ್ ಹೋಗುತ್ತದೆ. ಲೆಕ್ಕಕ್ಕೇ ಇಲ್ಲ.

ಮಕ್ಕಳಿಗೆ ಚಳಿ ಆದರೆ? ಮಂಕಿ ಟೋಪಿ ಹಾಕಿ. ಇನ್ನೊಂದು ಕೌದಿ ಹೊದಿಸಿ. ಮೈ ಬೆಚ್ಚಗಿಡಿ, ಗಾಡಿಯನ್ನು ಬೆಚ್ಚಗಿಡಲು ಹೋಗಬೇಡಿ.

ಒಂದು ಮಾತು ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ಒಳಗೆ ಇದ್ದಿಲ ಸಿಗಡಿ ಇಡಬೇಡಿ. ಗ್ಯಾಸ್ ಒಲೆ ಹಚ್ಚಿ ಕಾಯಿಸಿಕೊಳ್ಳಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮು ಬರಿಸುವುದಿಲ್ಲ. ಮಲಗಿದವರು ಏಳುವುದಿಲ್ಲ, ಅಷ್ಟೇ. ಕಿಟಕಿ ಸ್ವಲ್ಪ ತೆಗೆದಿದೆ ಅನ್ನುವ ಧೈರ್ಯದ ಮೇಲೂ ಬೇಡ. ಇನ್ನು ನೀರಿನ ಲೆಕ್ಕಕ್ಕೆ ಬಂದರೂ ಗ್ಯಾಸ್ ಒಲೆ ಶತ್ರುವೇ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು 1.6 ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಚಹಾ, ಅನ್ನದ ಹಬೆ ಅದರ ಮೇಲೆ. ಒಲೆಯನ್ನು ಹೊರಗೇ ಇಡಿ. ಹೊಲದಲ್ಲಿ ಇದ್ದೀರಿ, ಹೊರಗೆ ಕುಳಿತು ಚಹಾ ಕುಡಿಯುವುದಕ್ಕೇ ಅಲ್ವಾ ಹೋಗಿದ್ದು?

ಒದ್ದೆ ಸ್ವೆಟರ್, ಟವೆಲ್, ಇಬ್ಬನಿಯಲ್ಲಿ ತೊಯ್ದ ಚಪ್ಪಲಿ, ಇವೂ ಒಳಗೆ ಬೇಡ.

ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೂ ಮುಖ್ಯ. ಬೀದರ್ ಅಂದರೆ 2,300 ಅಡಿ ಎತ್ತರದ ಬಯಲು. ಡಿಸೆಂಬರ್‌ನಲ್ಲಿ ಮೋಡವಿಲ್ಲದ ರಾತ್ರಿ ತಗಡು ತನ್ನ ಬಿಸಿಯನ್ನೆಲ್ಲ ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಸುತ್ತಲಿನ ಗಾಳಿಗಿಂತಲೂ ಅದೇ ಜಾಸ್ತಿ ತಣ್ಣಗಾಗುತ್ತದೆ. ಗಿಡದ ಕೆಳಗೆ ನಿಲ್ಲಿಸಿದರೆ ಎಲೆಗಳು ಅಡ್ಡ ಬಂದು ತಗಡು ಅಷ್ಟು ತಣಿಯುವುದಿಲ್ಲ, ಹನಿಯೂ ಕಡಿಮೆ. ನಮ್ಮ ಹೊಲದಲ್ಲಿ ಒಳ್ಳೆಯ ಹುಣಸೆ ಗಿಡ ಇದೆ. ಅದರ ಕೆಳಗೆ ರಾತ್ರಿ ಮಲಗಬಾರದು ಅಂತ ಅವ್ವ ಬೈಯುತ್ತಾಳೆ. ಅದಕ್ಕೆ ಬೇವಿನ ಗಿಡ ಹಿಡಿದಿದ್ದೇನೆ. ಕೆರೆ ದಂಡೆ, ನೀರು ಹಾಯಿಸಿದ ಕಬ್ಬಿನ ಪಕ್ಕ ಬಿಡಿ.

ಇನ್ನು ಒಳಗಿನ ಲೈನಿಂಗ್. ಇದರಲ್ಲಿ ನಾನು ಸುಟ್ಟುಕೊಂಡಿದ್ದೇನೆ. ಬಾಡಿ ಕೆಲಸದವನೊಬ್ಬ ತಗಡಿಗೆ ಥರ್ಮೋಕೋಲ್ ಹಾಳೆ ಅಲ್ಲಲ್ಲಿ ಸಿಕ್ಕಿಸಿ, ಮೇಲೆ ಚೆಂದದ ಕಾರ್ಪೆಟ್ ಹೊಡೆದುಕೊಟ್ಟ. ನೋಡಲು ಮದುವೆ ಮಂಟಪ. ಎರಡನೇ ವರ್ಷ ಬಿಚ್ಚಿದರೆ ಹಿಂದೆ ತುಕ್ಕು ಹೊಟ್ಟಿನ ಹಾಗೆ ಉದುರಿತು. ಆವಿ ಸಂದಿಯಲ್ಲಿ ನುಗ್ಗಿ ತಗಡಿಗೆ ತಾಗಿ ನೀರಾಗಿ, ಒಣಗಲು ದಾರಿ ಇಲ್ಲದೆ ಅಲ್ಲೇ ಕೂತಿತ್ತು. ಎಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಫೋಮ್ ಹಾಳೆಯಾಗಿಯೂ ಸಿಗುತ್ತದೆ. ಅದು ನೀರು ಕುಡಿಯುವುದಿಲ್ಲ. ತಗಡಿಗೆ ಸಂದಿಯಿಲ್ಲದೆ ನೇರ ಅಂಟಿಸಿ. ತಗಡಿನ ಒಳಗಿನ ಕಬ್ಬಿಣದ ಅಡ್ಡ ಪಟ್ಟಿಗಳ ಮೇಲೂ ಅಂಟಿಸಿ, ಹನಿ ಮೊದಲು ಕಟ್ಟುವುದೇ ಆ ಬರೀ ಕಬ್ಬಿಣದ ಮೇಲೆ.

ಹಾಸಿಗೆಯ ಅಡಿ ಒಮ್ಮೆ ಎತ್ತಿ ನೋಡಿ. ಪ್ಲೈವುಡ್ ಮೇಲೆ ಫೋಮ್ ಹಾಸಿದ್ದರೆ ಕಪ್ಪು ಬೂಷ್ಟು ಶುರುವಾಗಿರಬಹುದು. ನಾನು ಪ್ಲೈ ತೆಗೆದು, ಚೌಕಟ್ಟಿಗೆ ನವಾರು ಪಟ್ಟಿ ಹೆಣೆಸಿದೆ. ನಮ್ಮ ಮನೆಯ ಹೊರಸು ಇದ್ದ ಹಾಗೇ. ಅಡಿಯಿಂದ ಗಾಳಿ ಆಡುತ್ತದೆ, ಬೂಷ್ಟು ಮತ್ತೆ ಬಂದಿಲ್ಲ. ಎದ್ದ ಕೂಡಲೇ ಕೌದಿ ಮಡಚಿಡಬೇಡಿ. ಬಿಸಿಲು ಏರಿದ ಮೇಲೆ ಬಾಗಿಲು ಪೂರ್ತಿ ತೆಗೆದು, ಹಾಸಿಗೆ ಹೊರಗೆ ಹಾಕಿ. ನಮ್ಮ ಚಳಿಗಾಲದ ಬಿಸಿಲು ಒಂದು ತಾಸಿನಲ್ಲಿ ಎಲ್ಲ ಒಣಗಿಸುತ್ತದೆ.

ಸಿಲಿಕಾ ಜೆಲ್ ಪೊಟ್ಟಣ ಇಡಲಾ ಅಂತ ಕೇಳಿದ್ದೀರಿ. ಒಂದು ಕೆಜಿ ಜೆಲ್ ಸುಮಾರು ಮುನ್ನೂರು ಗ್ರಾಂ ನೀರು ಹೀರುತ್ತದೆ. ನಿಮಗೆ ರಾತ್ರಿಗೆ ಮೂರು ಕೆಜಿ ಮೇಲೆ ಬೇಕು, ಮರುದಿನ ಅದನ್ನು ಹುರಿದು ಒಣಗಿಸಬೇಕು. ತಟ್ಟೆಯಲ್ಲಿ ಉಪ್ಪು ಇಡುವುದೂ ಸುಮ್ನೆ. ಜೆಲ್ ಅನ್ನು ಕ್ಯಾಮೆರಾ ಚೀಲಕ್ಕೆ ಇಟ್ಟುಕೊಳ್ಳಿ.

ಗಾಜಿಗೆ ಬೆಳ್ಳಿ ಬಣ್ಣದ ಬಬಲ್ ಹಾಳೆ ಕತ್ತರಿಸಿ ಹಾಕಬಹುದು, ಆದರೆ ಅಂಚು ಬಿಗಿಯಾಗಿ ಕೂರಬೇಕು. ಸಂದಿ ಇದ್ದರೆ ಆವಿ ಹಿಂದೆ ಹೋಗಿ ಗಾಜು ಒದ್ದೆಯಾಗೇ ಆಗುತ್ತದೆ. ಪಕ್ಕದ ಕಿಟಕಿಗಳಿಗೆ ನನಗೆ ಸರಿ ಕೂತಿದೆ. ಡ್ರೈವರ್ ಮುಂದಿನ ದೊಡ್ಡ ಗಾಜಿಗೆ ಮೂರು ಸಲ ಕತ್ತರಿಸಿದರೂ ಕೂರಲಿಲ್ಲ. ಅದು ಈಗಲೂ ಬೆಳಿಗ್ಗೆ ಮಸುಕಾಗಿರುತ್ತದೆ. ಆ ಹಳೇ ಪಂಚೆ ಅದಕ್ಕಂತಲೇ ಡ್ಯಾಶ್‌ಬೋರ್ಡ್ ಮೇಲೆ ಬಿದ್ದಿರುತ್ತದೆ.