ಬೆಟಗೇರಿಯ ತಂಗಿಗೆ, ಕೋರ್ಸು ಆರಿಸುವ ಮುನ್ನ

ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಮುಗಿಸಿ ಬರುವ ಸೆಪ್ಟೆಂಬರಿಗೆ ಕೆನಡಾಕ್ಕೆ ಹೊರಟಿರುವ ಬೆಟಗೇರಿಯ ತಂಗಿಯೊಬ್ಬರು, ಬಿಹೇವಿಯರಲ್ ನ್ಯೂರೋಸೈನ್ಸ್ (ಮಿದುಳು ಮತ್ತು ನಡವಳಿಕೆಯ ನಂಟಿನ ಅಧ್ಯಯನ) ಮತ್ತು ಕಾಗ್ನಿಟಿವ್ ಸೈಕಾಲಜಿ (ನೆನಪು, ಗಮನ, ಯೋಚನೆಗಳ ಅಧ್ಯಯನ) ಇವೆರಡರಲ್ಲಿ ಯಾವುದನ್ನು ಹಿಡಿಯಬೇಕು, ಅಲ್ಲಿಯ ಚಳಿ ತಡೆಯಬಹುದೇ, ಜೋಳದ ರೊಟ್ಟಿ ಸಿಗುತ್ತದೆಯೇ, ಓದಿ ಮರಳಿದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ರೋಗಿಗಳನ್ನು ನೋಡುವ ಕೆಲಸ ಸಿಕ್ಕೀತೇ ಎಂದು ಕೇಳಿದ್ದಾರೆ. ‘ಅಣ್ಣಾರ’ ಎಂದು ಕರೆದು ಕೇಳಿರುವುದರಿಂದ ಅಣ್ಣನಾಗಿಯೇ ಉತ್ತರಿಸುತ್ತೇನೆ.

ಚಳಿಗೆ ಬೇಕಾದ ಕೋಟು, ಬೂಟುಗಳನ್ನು ಇಲ್ಲಿಗೆ ಬಂದ ಮೇಲೆಯೇ ಕೊಳ್ಳಿರಿ. ಜೋಳದ ಹಿಟ್ಟು ಸಿಗುತ್ತದೆ. ಆದರೆ ಅದು ಹಳೆಯದಾಗಿರುವುದರಿಂದ ಜಿಗಿ ಇರುವುದಿಲ್ಲ, ಬಡಿಯುವಾಗ ರೊಟ್ಟಿ ಹರಿಯುತ್ತದೆ. ಇನ್ನು ರೋಗಿಗಳನ್ನು ನೋಡುವ ಹಕ್ಕನ್ನು ಈ ಎರಡು ಕೋರ್ಸುಗಳಲ್ಲಿ ಯಾವುದೂ ಕೊಡುವುದಿಲ್ಲ. ಅದಕ್ಕೆ ಕ್ಲಿನಿಕಲ್ ಸೈಕಾಲಜಿಯ ಪ್ರತ್ಯೇಕ ತರಬೇತಿ ಮತ್ತು ನೋಂದಣಿ ಬೇಕು, ಅಲ್ಲಿಯೂ ಇಲ್ಲಿಯೂ.

ಕೋರ್ಸಿನ ಪ್ರಶ್ನೆಗೆ ಮಾತ್ರ ವಿವರವಾಗಿ ಬರೆಯಬೇಕಾಗಿದೆ. ಕಾಗ್ನಿಟಿವ್ ಸೈಕಾಲಜಿಯಲ್ಲಿ ನಿಮ್ಮ ಮುಂದೆ ಕೂರುವವರು ಮನುಷ್ಯರು. ‘ಕೆಂಪು’ ಎಂಬ ಪದವನ್ನು ಹಸಿರು ಬಣ್ಣದಲ್ಲಿ ಬರೆದು ತೋರಿಸಿ ಬಣ್ಣದ ಹೆಸರು ಕೇಳಿದರೆ ನಾಲಿಗೆ ಏಕೆ ತಡವರಿಸುತ್ತದೆ ಎಂಬ, 1935ರಲ್ಲಿ ಸ್ಟ್ರೂಪ್ ಪ್ರಕಟಿಸಿದ ಪ್ರಯೋಗದ ಬಗೆಯವನ್ನು ಕಂಪ್ಯೂಟರಿನ ಮೇಲೆ ನಡೆಸಿ, ಉತ್ತರಿಸಲು ಹಿಡಿದ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತೀರಿ. ಸಂಖ್ಯಾಶಾಸ್ತ್ರ ಗಟ್ಟಿಯಿದ್ದರೆ ದಾರಿ ಅರ್ಧ ಸವೆದಂತೆ. ಬಿಹೇವಿಯರಲ್ ನ್ಯೂರೋಸೈನ್ಸ್‌ನಲ್ಲಿ, ಬಹುತೇಕ ಕಡೆ, ನಿಮ್ಮ ಮುಂದೆ ಇರುವುದು ಇಲಿ.

2004ರ ಆಗಸ್ಟಿನಲ್ಲಿ ಮಾಂಟ್ರಿಯಲ್‌ಗೆ ಬಂದಾಗ ಈ ವ್ಯತ್ಯಾಸದ ಭಾರ ನನಗೆ ಗೊತ್ತಿರಲಿಲ್ಲ. ಹೆಸರಾಂತ ಮನಃಶಾಸ್ತ್ರಜ್ಞ ಡೊನಾಲ್ಡ್ ಹೆಬ್ ಪಾಠ ಹೇಳಿದ ಊರು, 1954ರಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಅವರು ಇಲಿಯೊಂದು ತನ್ನ ಮಿದುಳಿಗೆ ತಾನೇ ವಿದ್ಯುತ್ ಕೊಟ್ಟುಕೊಳ್ಳಲು ಸನ್ನೆಗೋಲನ್ನು ಮತ್ತೆ ಮತ್ತೆ ಒತ್ತುವುದನ್ನು ಕಂಡ ಊರು ಎಂಬ ಹೆಮ್ಮೆಯಲ್ಲಿಯೇ ನಾನಿದ್ದೆ. 1953ರ ಶಸ್ತ್ರಚಿಕಿತ್ಸೆಯಲ್ಲಿ, ನೆನಪಿಗೆ ಆಧಾರವಾದ ಮಿದುಳಿನ ಭಾಗವಾದ ಹಿಪ್ಪೊಕ್ಯಾಂಪಸ್‌ನ ಬಹುಭಾಗ ಕಳೆದುಕೊಂಡು ಹೊಸ ಘಟನೆಗಳನ್ನು ನೆನಪಿಡಲಾರದೆ ಹೋದ ಹೆನ್ರಿ ಮೊಲೈಸನ್, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವುದರಲ್ಲಿ ಮಾತ್ರ ದಿನದಿಂದ ದಿನಕ್ಕೆ ಸುಧಾರಿಸಿದ ಸಂಗತಿಯನ್ನು ಪುಸ್ತಕದಲ್ಲಿ ಓದಿಯೇ ನಾನು ಈ ವಿದ್ಯೆಗೆ ಮರುಳಾದವನು. ಪಠ್ಯಕ್ರಮದಲ್ಲಿದ್ದ ‘ಹಿಸ್ಟಾಲಜಿ’ (ಅಂಗಾಂಶವನ್ನು ಕೊಯ್ದು ಪರೀಕ್ಷಿಸುವ ವಿದ್ಯೆ) ಎಂಬ ಒಂದು ಪದವನ್ನು ಹಾಗೆಯೇ ದಾಟಿಬಿಟ್ಟಿದ್ದೆ.

ನಮ್ಮ ಪ್ರಯೋಗ ಹೀಗಿತ್ತು: ಬಿಳಿಯಾಗಿಸಿದ ನೀರಿನ ದುಂಡನೆಯ ತೊಟ್ಟಿಯಲ್ಲಿ, ನೀರಿನಡಿ ಅಡಗಿಸಿದ ಮಣೆಯನ್ನು ಇಲಿ ಗೋಡೆಯ ಗುರುತುಗಳ ಆಧಾರದಿಂದ ಹುಡುಕಿ ಹತ್ತುತ್ತದೆ. ನಾಲ್ಕನೆಯ ದಿನಕ್ಕೆ ಅದು ನೆಟ್ಟಗೆ ಮಣೆಯತ್ತ ಈಜುವುದನ್ನು ನೋಡಿ ನನಗೆ ನನ್ನ ಮಗುವೇ ಪಾಸಾದಷ್ಟು ಸಂತೋಷವಾಗುತ್ತಿತ್ತು. ಆದರೆ ಪ್ರಯೋಗಕ್ಕಾಗಿ ನಾವು ಮಾಡಿದ ಪೆಟ್ಟು ಮಿದುಳಿನ ಯಾವ ಜಾಗಕ್ಕೆ ಆಗಿತ್ತು ಎಂಬುದನ್ನು ಕಣ್ಣಾರೆ ತೋರಿಸದೆ ಫಲಿತಾಂಶಕ್ಕೆ ಬೆಲೆಯಿಲ್ಲ. ಆದ್ದರಿಂದ ಅದೇ ಇಲಿಗೆ ಅರಿವಳಿಕೆ ಕೊಟ್ಟು, ಹೃದಯದ ಮೂಲಕ ರಕ್ತವನ್ನು ತೊಳೆದು ತೆಗೆದು, ಮಿದುಳನ್ನು ಹೊರತೆಗೆದು ಎಳೆ ಎಳೆಯಾಗಿ ಕೊಯ್ಯಬೇಕು. ನನ್ನ ಕೈ ಅದರಲ್ಲಿ ಚೆನ್ನಾಗಿ ಪಳಗಿತು. ಹೊಸಬರನ್ನು ಕಲಿಯಲು ನನ್ನ ಬಳಿಗೇ ಕಳಿಸುತ್ತಿದ್ದರು.

ನಮ್ಮ ತಂದೆಯವರಿಗೆ ಗದಗಿನಲ್ಲಿ ಕಾಳಿನ ಅಂಗಡಿ. ಇಲಿಯಿಂದ ಅವರಿಗೆ ಆದಷ್ಟು ನಷ್ಟ ಯಾರಿಗೂ ಆಗಿರಲಿಕ್ಕಿಲ್ಲ. ಆದರೂ ಬೋನಿನಲ್ಲಿ ಬಿದ್ದ ಇಲಿಯನ್ನು ಸೈಕಲ್ಲಿನ ಹಿಡಿಗೆ ತೂಗುಹಾಕಿಕೊಂಡು ಭೀಷ್ಮಕೆರೆಯ ಆಚೆಗೆ ಹೋಗಿ ಬಿಟ್ಟು ಬಂದೇ ಅಂಗಡಿ ತೆರೆಯುತ್ತಿದ್ದರು. ಇದರಲ್ಲಿ ವಿಶೇಷವೇನು ಎಂದು ನಿಮಗೆ ವಿವರಿಸಬೇಕಿಲ್ಲ. ಒಂದು ರವಿವಾರ ಫೋನಿನಲ್ಲಿ ನೀರಿನ ತೊಟ್ಟಿಯ ಕಥೆಯನ್ನು ಉತ್ಸಾಹದಿಂದ ಹೇಳಿದಾಗ ಅವರು ನಕ್ಕು, “ಕಡೀಕ ಆ ಇಲಿಗೋಳ್ನ ಎಲ್ಲಿ ಬಿಡ್ತೀರೋ ತಮ್ಮಾ?” ಎಂದು ಕೇಳಿದರು. “ಇಲ್ಲೇ ಹೊಲದಾಗ ಬಿಡ್ತೀವಿ ಅಪ್ಪಾ,” ಎಂದೆ. ಜನವರಿ ತಿಂಗಳು, ಹೊಲಗಳೆಲ್ಲ ಹಿಮದ ಕೆಳಗಿದ್ದವು.

ಎರಡು ವರ್ಷದ ನಂತರ ಮನುಷ್ಯರ ನೆನಪಿನ ಅಧ್ಯಯನಕ್ಕೆ ಹೊರಳಿದೆ, ಅದರಲ್ಲಿಯೇ ನೆಲೆನಿಂತೆ. ಇಲಿಯ ಪ್ರಯೋಗಗಳು ತಪ್ಪೆಂದು ನಾನು ಹೇಳುತ್ತಿಲ್ಲ. ತಾನೆಲ್ಲಿದ್ದೇನೆ ಎಂಬುದನ್ನು ಮಿದುಳು ಹೇಗೆ ಗುರುತಿಸುತ್ತದೆ ಎಂಬುದನ್ನು 1971ರಲ್ಲಿ ಜಾನ್ ಓಕೀಫ್ ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿಯೇ ತೋರಿಸಿದರು, 2014ರ ನೊಬೆಲ್ ಬಂದದ್ದೂ ಅದಕ್ಕೆ. ತಂದೆಯವರಿಗೆ ಇದನ್ನೆಲ್ಲ ಕೂತು ವಿವರಿಸಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ, ಕೇಳಿಯಂತೂ ಕೇಳುತ್ತಿದ್ದರು. 2013ರಲ್ಲಿ ಅವರು ತೀರಿಕೊಂಡರು. ಅಲ್ಲಿಯವರೆಗೂ ನಾನು ಇಲಿ ಬಿಡುವ ಹೊಲದ ಬಗ್ಗೆ ಓಣಿಯವರಿಗೆಲ್ಲ ಹೇಳುತ್ತಿದ್ದರಂತೆ.

ಆದ್ದರಿಂದ ತಂಗೀ, ಕೋರ್ಸಿಗೆ ಹೆಸರು ಕೊಡುವ ಮುನ್ನ ಅಲ್ಲಿಯ ಪ್ರಾಧ್ಯಾಪಕರಿಗೆ ಬರೆದು, ಪ್ರಯೋಗಾಲಯದಲ್ಲಿ ಪ್ರಾಣಿಗಳ ಕೆಲಸ ಕಡ್ಡಾಯವೇ, ಪ್ರಯೋಗ ಮುಗಿದ ಮೇಲೆ ಅವುಗಳನ್ನು ಏನು ಮಾಡುತ್ತಾರೆ ಎಂದು ನೇರವಾಗಿ ಕೇಳಿರಿ. ಬಂದ ಉತ್ತರವನ್ನು ಹೊರಡುವ ಮುಂಚೆಯೇ ಮನೆಯವರ ಎದುರು ಕನ್ನಡದಲ್ಲಿ ಓದಿ ಹೇಳಿರಿ.